ಸಾರ್ವಜನಿಕ ಶೌಚಾಲಯ: ಭಯ ಆಸನದ್ದು, ಅಪಾಯ ಕೈಯದ್ದು

ಹೊಸಪೇಟೆ: ಹಂಪಿ ನೋಡಲು ಬರುವ ಪ್ರವಾಸಿಗರು, ಸಂಡೂರಿನ ಗಣಿ ಮಾರ್ಗದ ಲಾರಿ ಚಾಲಕರು, ಕಂಪ್ಲಿಯ ಭತ್ತದ ಗದ್ದೆಗಳಿಗೆ ಓಡಾಡುವ ಕೃಷಿ ಕಾರ್ಮಿಕರು, ಸಾರ್ವಜನಿಕ ಶೌಚಾಲಯ ಇವರೆಲ್ಲರಿಗೂ ಅನಿವಾರ್ಯ. ಒಳಹೊಕ್ಕರೆ ರೋಗ ಅಂಟೀತೆಂಬ ಭಯವೂ ಅಷ್ಟೇ ಸಾಮಾನ್ಯ. ಈ ಭಯ ನಿರಾಧಾರವಲ್ಲವಾದರೂ ಅದು ಗುರಿ ತಪ್ಪಿದೆ.

ಶೌಚಾಲಯದ ಆಸನದಿಂದ ಎಚ್‌ಐವಿ ಹಾಗೂ ಲೈಂಗಿಕ ರೋಗಗಳು ಹರಡುತ್ತವೆ ಎಂಬ ನಂಬಿಕೆಯನ್ನು ವೈದ್ಯವಿಜ್ಞಾನ ಒಪ್ಪುವುದಿಲ್ಲ. ಅವುಗಳ ರೋಗಾಣುಗಳು ದೇಹದ ಹೊರಗೆ ಹೆಚ್ಚು ಹೊತ್ತು ಬದುಕಲಾರವು. ಗಾಯವಿಲ್ಲದ ಚರ್ಮವೇ ಉತ್ತಮ ರಕ್ಷಾಕವಚ. ಕುಕ್ಕರಗಾಲಿನಲ್ಲಿ ಕೂರುವ ಭಾರತೀಯ ಮಾದರಿಯ ಶೌಚಾಲಯದಲ್ಲಂತೂ ಆಸನದ ಪ್ರಶ್ನೆಯೇ ಇಲ್ಲ.

ನಿಜವಾದ ಅಪಾಯವಿರುವುದು ಬಾಗಿಲ ಚಿಲಕ, ನಲ್ಲಿ ಮತ್ತು ನೂರಾರು ಕೈ ಬದಲಾಯಿಸುವ ಮಗ್ಗಿನಲ್ಲಿ. ಮಲದಲ್ಲಿನ ರೋಗಾಣು ಕೈಗೆ, ಕೈಯಿಂದ ಬಾಯಿಗೆ ಸೇರುತ್ತದೆ. ಅತಿಸಾರ, ಟೈಫಾಯ್ಡ್, ಹೆಪಟೈಟಿಸ್ 'ಎ' ಹರಡುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ 10ರಿಂದ 100ರಷ್ಟು ದೇಹ ಸೇರಿದರೂ ಸಾಕು. ವಾಂತಿ-ಭೇದಿಗೆ ಕಾರಣವಾಗುವ ನೊರೊವೈರಸ್ ಮೇಲ್ಮೈಗಳ ಮೇಲೆ ದಿನಗಟ್ಟಲೆ ಉಳಿಯಬಲ್ಲದು. ಅದರ ಮುಂದೆ ಸ್ಯಾನಿಟೈಸರ್ ದುರ್ಬಲ. ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯುವುದೇ ಹೆಚ್ಚು ಪರಿಣಾಮಕಾರಿ.

ಭಯಕ್ಕೆ ಹೆಚ್ಚು ಬೆಲೆ ತೆರುವವರು ಮಹಿಳೆಯರು. ಶೌಚಾಲಯಕ್ಕೆ ಹೋಗಬೇಕಾದೀತೆಂದು ಈ ಭಾಗದ ಬಿರುಬಿಸಿಲಲ್ಲೂ ನೀರು ಕುಡಿಯದೆ, ಗಂಟೆಗಟ್ಟಲೆ ಮೂತ್ರ ತಡೆದುಕೊಂಡರೆ ಮೂತ್ರನಾಳದ ಸೋಂಕಿನ ಸಂಭವ ಹೆಚ್ಚುತ್ತದೆ. ರೋಗಕ್ಕೆ ಹೆದರಿ ರೋಗವನ್ನೇ ಆಹ್ವಾನಿಸಿದಂತೆ. ಇನ್ನು ಬಯಲಿಗೆ ಹೋದರೆ ಮಲಿನತೆ ಜಲಮೂಲಕ್ಕೆ ಸೇರುತ್ತದೆ. ಕುಡಿಯುವ ನೀರು ಕಲುಷಿತಗೊಂಡರೆ ಏನಾದೀತೆಂಬುದನ್ನು 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಸಂಭವಿಸಿದ ಸಾವುಗಳು ತೋರಿಸಿವೆ.

ಹೊಣೆ ಯಾರದು? 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ ಸಾರ್ವಜನಿಕ ಶೌಚಾಲಯ ಒದಗಿಸುವುದು ಸ್ಥಳೀಯ ಸಂಸ್ಥೆಗಳ ಕಡ್ಡಾಯ ಕರ್ತವ್ಯ. ಹೊಸಪೇಟೆ ನಗರಸಭೆಗೂ ಸಂಡೂರು, ಕಂಪ್ಲಿ ಪುರಸಭೆಗಳಿಗೂ ಇದು ಅನ್ವಯ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಹಂಪಿ ಅತ್ತ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಬಸ್ಸಿನಲ್ಲಿ ಓಡಾಡುವ ಜನರಿಗಾಗಲಿ, ಅವರ ಕೈಗಂಟಿದ ರೋಗಾಣುವಿಗಾಗಲಿ ಈ ಗಡಿ ಲೆಕ್ಕಕ್ಕಿಲ್ಲ.

ಹಂಪಿಯ ವಿಷಯ ಬಂದಾಗ ಸ್ಮಾರಕ ಕಾಯ್ದೆಯತ್ತ ಬೊಟ್ಟು ಮಾಡುವುದು ಸುಲಭ. 2010ರ ತಿದ್ದುಪಡಿಯು ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ವ್ಯಾಪ್ತಿಯಲ್ಲಿ ನಿರ್ಮಾಣವನ್ನು ನಿಷೇಧಿಸಿರುವುದು ನಿಜ. ಆದರೆ ಅದೇ ಕಾಯ್ದೆ 'ನಿರ್ಮಾಣ' ಎಂಬ ಪದದ ವ್ಯಾಖ್ಯೆಯಿಂದ ಸಾರ್ವಜನಿಕ ಶೌಚಾಲಯ, ಚರಂಡಿ ಹಾಗೂ ನೀರು ಪೂರೈಕೆ ಕಾಮಗಾರಿಗಳನ್ನು ಹೊರಗಿಟ್ಟಿದೆ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆಯ ವಿಚಾರ ಬೇರೆ. ಈ ಕಾಯ್ದೆಯನ್ನಂತೂ ನೆಪವಾಗಿಸುವಂತಿಲ್ಲ.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನ ಶೌಚಾಲಯ ಕಟ್ಟುವುದಕ್ಕೆ ವೇಗ ನೀಡಿತು. ಆದರೆ ಕಟ್ಟಡದ ಉದ್ಘಾಟನೆ ಒಂದು ದಿನದ್ದು, ನಿರ್ವಹಣೆ ನಿತ್ಯದ್ದು. ನಲ್ಲಿಯಲ್ಲಿ ನೀರು, ಪಕ್ಕದಲ್ಲಿ ಸೋಪು, ದಿನಕ್ಕೆ ಹಲವು ಬಾರಿ ಚಿಲಕ-ನಲ್ಲಿಗಳ ಶುಚಿ, ಶುಚಿಗೊಳಿಸುವ ಕಾರ್ಮಿಕರಿಗೆ ಕೈಗವಸು ಮತ್ತು ಸಕಾಲಕ್ಕೆ ವೇತನ: ಇವು ದೊಡ್ಡ ಯೋಜನೆಗಳಲ್ಲ. ತುಂಗಭದ್ರೆಯ ದಡದಲ್ಲಿ ಕೈ ತೊಳೆಯಲು ನೀರಿಲ್ಲ ಎನ್ನುವ ಸ್ಥಿತಿ ಬಂದರೆ ಅದನ್ನು ಕೊರತೆ ಎನ್ನಲಾಗದು, ನಿರ್ಲಕ್ಷ್ಯ ಎನ್ನಬೇಕಾಗುತ್ತದೆ.