ಬೆರಳ ಲೆಕ್ಕವೇ ಬೆಳೆಯ ಲೆಕ್ಕವಲ್ಲ

ಹುಡುಕಾಟವನ್ನು ಉತ್ತಮಗೊಳಿಸುವ ಸಲುವಾಗಿ ಬಳಕೆದಾರರ ಚಟುವಟಿಕೆಯನ್ನು ದಾಖಲಿಸಿಕೊಳ್ಳುತ್ತೇವೆ ಎಂದು ಅಂತರ್ಜಾಲ ಕಂಪನಿಗಳು ಸಾರುತ್ತ ಬಂದಿವೆ. ಮಾತು ಎಷ್ಟು ವಿನಯದ್ದೆಂದರೆ ಅದರಲ್ಲಿ ಆಕ್ಷೇಪಾರ್ಹವಾದುದೇನೂ ಮೇಲ್ನೋಟಕ್ಕೆ ಕಾಣುವುದಿಲ್ಲ. ಆದರೆ ಉತ್ತಮವಾಗುವುದು ಯಾರಿಗೆ? ಅದನ್ನು ಅಳೆಯುವ ಕೊಳಗ ಯಾರದು? ರೋಗ, ದರ, ಮಳೆ, ಪರೀಕ್ಷೆ ಎಲ್ಲವನ್ನೂ ಮೊಬೈಲಿನಲ್ಲೇ ಕೇಳುವ ರೂಢಿ ಮಲೆನಾಡಿನ ಹಳ್ಳಿಗಳಲ್ಲಿಯೂ ಬೆಳೆದಿರುವಾಗ ಈ ಪ್ರಶ್ನೆಯನ್ನು ಪೇಟೆಯವರಿಗೆ ಬಿಟ್ಟುಕೊಡುವಂತಿಲ್ಲ.

ನಡೆಯುವುದಿಷ್ಟು. ಜಾಲತಾಣಕ್ಕೆ ಬಂದವನು ಏನನ್ನು ಹುಡುಕಿದ, ಬಂದ ಉತ್ತರಗಳಲ್ಲಿ ಯಾವುದನ್ನು ಒತ್ತಿದ, ಅಲ್ಲಿ ಎಷ್ಟು ಹೊತ್ತು ನಿಂತ, ಏನನ್ನು ಕೊಂಡ, ಕೊಳ್ಳದೆ ಎಲ್ಲಿ ಹಿಂದೆ ಸರಿದ ಎಂಬ ಪ್ರತಿಯೊಂದೂ ಒಂದು 'ಘಟನೆ'ಯೆಂದು ಗಳಿಗೆಯ ಸಮೇತ, ಆತನಿಗೆ ಕೊಟ್ಟ ಗುರುತಿನ ಸಂಖ್ಯೆಯ ಸಮೇತ ದಾಖಲಾಗುತ್ತದೆ. ಇಂಥ ಕೋಟ್ಯಂತರ ಘಟನೆಗಳಿಂದ ಯಂತ್ರವು ಮುಂದಿನವರಿಗೆ ಏನನ್ನು ಮೊದಲು ತೋರಿಸಬೇಕೆಂದು ಕಲಿಯುತ್ತದೆ. ಕೊಳೆರೋಗಕ್ಕೆ ಮದ್ದು ಹುಡುಕಿದ ಅಡಿಕೆ ಬೆಳೆಗಾರನೊಬ್ಬ ದುಬಾರಿ ಶಿಲೀಂಧ್ರನಾಶಕವೊಂದರ ವೀಡಿಯೊವನ್ನು ಹತ್ತು ನಿಮಿಷ ನೋಡಿದನೆಂದರೆ ಯಂತ್ರದ ಪಾಲಿಗೆ ಅದು ಗೆಲುವು. ಆತನ ತೋಟದಲ್ಲಿ ಕೊಳೆ ನಿಂತಿತೇ ಎಂದು ಬರೆಯಲು ಆ ಕಡತದಲ್ಲಿ ಕಲಮೇ ಇಲ್ಲ. ಮದ್ದು ನಾಟದೆ ಮರುವಾರ ಆತ ಮತ್ತೆ ಹುಡುಕಿದರೆ, ವಿಪರ್ಯಾಸವೆಂದರೆ, ಅದೂ ಬಳಕೆಯ ಹೆಚ್ಚಳವೆಂದೇ ಜಮೆಯಾಗುತ್ತದೆ.

ಇದೇ ಕೊಳೆರೋಗವನ್ನು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಭ್ಯಸಿಸಿ, 1910ರಲ್ಲಿ ವರದಿ ಪ್ರಕಟಿಸಿ, ಬೋರ್ಡೋ ದ್ರಾವಣವನ್ನು ಮಲೆನಾಡಿಗೆ ಪರಿಚಯಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗಾಲ ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಮ್ಮೆ ಗೊನೆಗಳಿಗೆ ಸಿಂಪಡಣೆ. ಈ ಸಲಹೆಯನ್ನು ಪೂರ್ಣವಾಗಿ ಹೇಳಲು ಅರ್ಧ ನಿಮಿಷ ಸಾಕು. ಯೂಟ್ಯೂಬ್ ಸಂಸ್ಥೆಯಾದರೋ 2012ರಲ್ಲಿ ತನ್ನ ಶಿಫಾರಸಿನ ಅಳತೆಯನ್ನು ನೋಟಗಳ ಸಂಖ್ಯೆಯಿಂದ ನೋಡಿದ ಅವಧಿಗೆ ಬದಲಿಸಿತು. ಜನರು ಅಲ್ಲಿ ಕಳೆಯುವ ಸಮಯದಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ಭಾಗ ಶಿಫಾರಸಿನಿಂದಲೇ ಬರುತ್ತದೆಂದು ಅದರ ಹಿರಿಯ ಅಧಿಕಾರಿಯೊಬ್ಬರು 2018ರಲ್ಲಿ ಹೇಳಿಕೊಂಡರು. ಅವಧಿಯೇ ಅಳತೆಗೋಲಾದ ಕಡೆ ಅರ್ಧ ನಿಮಿಷದ ಸರಿಯುತ್ತರಕ್ಕೆ ಯಾವ ಸ್ಥಾನ ಸಿಕ್ಕೀತು?

ಜನ ಒತ್ತಿದ್ದನ್ನೇ ತೋರಿಸುತ್ತೇವೆ, ಇದು ಜನಮತವೇ ತಾನೆ ಎಂಬ ವಾದವೂ ಉಂಟು. ಅದು ನಿಲ್ಲುವಂಥದಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಡುಕಾಟದ ಉತ್ತರಗಳ ಕ್ರಮವನ್ನು ಗುಟ್ಟಾಗಿ ಅದಲುಬದಲು ಮಾಡಲಾಗಿತ್ತು. ಆಗಲೂ ಜನರ ಒಲವು ಮೇಲಿದ್ದ ಉತ್ತರದತ್ತಲೇ ಇತ್ತು. ಅಂದರೆ ಮೇಲಿಟ್ಟದ್ದನ್ನು ಒತ್ತುತ್ತಾರೆ, ಒತ್ತಿದ್ದರಿಂದ ಅದು ಇನ್ನೂ ಮೇಲಕ್ಕೇರುತ್ತದೆ. ತಾನೇ ಬಿತ್ತಿದ್ದನ್ನು ಕೊಯ್ದು, ನೆಲ ಬಯಸಿದ್ದು ಇದೇ ಬೆಳೆಯನ್ನು ಎಂದು ಹೇಳಿದಂತೆ! ಕಂಪನಿಗಳು ಬಳಕೆದಾರರನ್ನು ಎರಡು ಗುಂಪಾಗಿಸಿ ತುಲನಾತ್ಮಕ ಪ್ರಯೋಗ ನಡೆಸುತ್ತವೆ, ನಿಜ. ಈ ತಾಕಿಗೂ ಆ ತಾಕಿಗೂ ಹೋಲಿಸುವುದು ಮಾತ್ರ ಬಹುಪಾಲು ಅದೇ ಒತ್ತುವಿಕೆಯನ್ನು, ಅದೇ ಅವಧಿಯನ್ನು, ಅದೇ ಖರೀದಿಯನ್ನು. ಗೊಬ್ಬರ ಹಾಕಿದ ತಾಕಿನಲ್ಲಿ ಇಳುವರಿಯನ್ನು ಬಿಟ್ಟು ಗೊಬ್ಬರದ ಖಾಲಿ ಚೀಲಗಳನ್ನೇ ಎಣಿಸುವ ಪ್ರಯೋಗವನ್ನು ಯಾವ ಕೃಷಿ ವಿಶ್ವವಿದ್ಯಾಲಯವೂ ಒಪ್ಪದು.

ಹೆಸರನ್ನು ತೆಗೆದು ಬರೀ ಸಂಖ್ಯೆ ಇಟ್ಟುಕೊಂಡರೆ ಯಾರಿಗೇನು ತೊಂದರೆ ಎನ್ನುವವರು 2006ರ ಆಗಸ್ಟ್ ತಿಂಗಳನ್ನು ನೆನೆಯಬೇಕು. ಅಮೆರಿಕದ ಎಓಎಲ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರ ಸುಮಾರು ಎರಡು ಕೋಟಿ ಹುಡುಕಾಟಗಳನ್ನು, ಹೆಸರಿಗೆ ಬದಲು ಸಂಖ್ಯೆಗಳನ್ನು ಹಾಕಿ, ಸಂಶೋಧನೆಗೆಂದು ಬಹಿರಂಗಪಡಿಸಿತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು ಒಂದು ಸಂಖ್ಯೆಯ ಹುಡುಕಾಟಗಳನ್ನಷ್ಟೇ ಓದಿ ಜಾರ್ಜಿಯಾ ರಾಜ್ಯದ ವೃದ್ಧೆಯೊಬ್ಬರ ಮನೆ ಬಾಗಿಲಿಗೆ ಹೋಗಿ ನಿಂತರು. ಮಹಾನಗರಗಳಿರುವ ದೇಶದಲ್ಲೇ ಹೀಗಾದರೆ, ಹತ್ತು ಮನೆಗಳ ಕೇರಿಯ ಗತಿಯೇನು? ಅಲ್ಲಿ ಒಂದು ಬೆಳೆಯ ಹೆಸರು, ಒಂದು ಸಾಲದ ವಿಚಾರ, ಒಂದು ಕಾಯಿಲೆಯ ಹೆಸರು ಸೇರಿದರೆ ಮನೆ ಯಾವುದೆಂದು ತಿಳಿಯಲು ಪತ್ತೇದಾರನೇ ಬೇಕಿಲ್ಲ. ಮನೆಯವರಿಗೂ ಹೇಳಿಕೊಳ್ಳಲಾರದ ಸಂಶಯವನ್ನು ವಿದ್ಯಾರ್ಥಿನಿಯೊಬ್ಬಳು ಯಂತ್ರದೆದುರು ಟೈಪು ಮಾಡಿರುತ್ತಾಳೆ. ಅದೂ ಆ ಕಡತದಲ್ಲಿ ಇರುತ್ತದೆ.

ದಾಖಲೆಯೇ ಬೇಡವೆಂಬುದು ಇಲ್ಲಿನ ವಾದವಲ್ಲ. ಕಾಗುಣಿತ ತಪ್ಪಿದ ಕನ್ನಡ ಪದಕ್ಕೂ ಸರಿಯಾದ ಉತ್ತರ ಕೊಡಲು ಒಟ್ಟಾರೆ ಎಣಿಕೆ ನೆರವಾಗುತ್ತದೆ. ಗ್ರಂಥಾಲಯದವರಿಗೂ ಯಾವ ಪುಸ್ತಕಕ್ಕೆ ಬೇಡಿಕೆ ಹೆಚ್ಚೆಂದು ತಿಳಿದಿರುತ್ತದೆ. ಆದರೆ ಓದುಗ ಯಾವ ಪುಟದಲ್ಲಿ ಎಷ್ಟು ಹೊತ್ತು ತಡೆದನೆಂದು ಬರೆದಿಟ್ಟು, ಅದರ ಆಧಾರದ ಮೇಲೆ ಜಾಹೀರಾತಿನ ಜಾಗ ಮಾರುವ ಗ್ರಂಥಪಾಲಕನನ್ನು ಯಾವ ಊರೂ ಸಹಿಸದು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು; ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅನಂತರ ಬಂದ 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಒಪ್ಪಿಗೆಯ ಕೋರಿಕೆಯನ್ನು ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಎಂದರೆ ಕನ್ನಡದಲ್ಲಿಯೂ, ಓದುವ ಅವಕಾಶವಿರಬೇಕು. ಹದಿನೆಂಟು ತುಂಬದವರ ನಡವಳಿಕೆಯ ಬೆನ್ನು ಹತ್ತುವುದನ್ನು, ಕೆಲವು ವಿನಾಯಿತಿಗಳೊಡನೆ, ಅದು ನಿಷೇಧಿಸುತ್ತದೆ. ಪಿಯುಸಿ ಮೆಟ್ಟಿಲೇರಿದ ಬಹುತೇಕ ಮಕ್ಕಳು ಈ ರಕ್ಷಣೆಗೆ ಬಾಧ್ಯರು. 2025ರ ನವೆಂಬರ್‌ನಲ್ಲಿ ಹೊರಬಿದ್ದ ನಿಯಮಗಳು ಇಂಥ ಹೊಣೆಗಳನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಗಡುವು ಕೊಟ್ಟವು. ಇಷ್ಟಾದರೂ, ವ್ಯಕ್ತಿಯ ಚಹರೆ ಕಟ್ಟದೆ ಕೊಡುವ ಶಿಫಾರಸನ್ನು ಆಯ್ದುಕೊಳ್ಳುವ ಹಕ್ಕನ್ನು ಬೃಹತ್ ಜಾಲತಾಣಗಳಲ್ಲಿ ಕಡ್ಡಾಯಗೊಳಿಸಿದ್ದು ಐರೋಪ್ಯ ಒಕ್ಕೂಟದ 2022ರ ಕಾನೂನು. ಭಾರತದ ಕಾಯಿದೆಯಲ್ಲಿ ಅಂಥ ವಿಧಿಯಿಲ್ಲ. ಒತ್ತಾಯ ಏಳಬೇಕಾದದ್ದು ಇಲ್ಲಿ.

ಅದಕ್ಕಾಗಿ ದೆಹಲಿಯತ್ತ ನೋಡುತ್ತ ಕೂರಬೇಕಿಲ್ಲ. ಗೂಗಲ್ ಖಾತೆಯಲ್ಲಿ ಚಟುವಟಿಕೆಯ ದಾಖಲೆಯನ್ನು ನಿಲ್ಲಿಸುವ ಗುಂಡಿಯಿದೆ. ಯೂಟ್ಯೂಬಿನಲ್ಲಿ ಇತಿಹಾಸವನ್ನು ಅಳಿಸಿ, ಮುಂದಕ್ಕೂ ನಿಲ್ಲಿಸಿದರೆ ಮುಖಪುಟ ಬರಿದಾಗಿ ಹುಡುಕುಪೆಟ್ಟಿಗೆ ಉಳಿಯುವ ವ್ಯವಸ್ಥೆ 2023ರಲ್ಲಿ ಬಂತು. ಕಾಲೇಜಿನ ವಿದ್ಯಾರ್ಥಿಗಳು ಊರಿನ ಹಿರಿಯರಿಗೆ ಇದನ್ನು ಮಾಡಿಕೊಡಬಲ್ಲರು. ಇನ್ನು ಸಹಕಾರ ಸಂಘಗಳಾಗಲಿ, ಕೃಷಿ ವಿಜ್ಞಾನ ಕೇಂದ್ರಗಳಾಗಲಿ ತಮ್ಮ ಜಾಲತಾಣ ಕಟ್ಟಿಸುವಾಗ, ರೈತರ ಪ್ರತಿ ಸ್ಪರ್ಶವನ್ನೂ ಹೊರಗಿನ ಕಂಪನಿಗೆ ಕಳುಹಿಸುವ ಎಣಿಕೆಯಂತ್ರವನ್ನು ಅದರೊಳಗೆ ಕೂರಿಸಲು ಒಪ್ಪಬಾರದು. ಸಂಘದ ಸದಸ್ಯರು ಇದನ್ನು ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಕೇಳಬಹುದು.