ಮುರಿದದ್ದನ್ನು ಗುಜರಿಗೆ ಹಾಕಬೇಡಿ

ಊರಲ್ಲಿ ಗೋಡೆ ಬಿದ್ದು ಒಬ್ಬರು ಸತ್ತರೆ 'ಹಣೆಬರಹ' ಅಂತೇವೆ. ಟ್ರ್ಯಾಕ್ಟರ್ ಪಲ್ಟಿಯಾದರೆ 'ಡ್ರೈವರ್ ಕುಡಿದಿದ್ದ' ಅಂತೇವೆ. ಕರೆಂಟ್ ತಂತಿ ಹರಿದು ಬಿದ್ದು ರೈತ ಜೀವ ಬಿಟ್ಟರೆ 'ನೋಡಿಕೊಂಡು ಹೋಗಬೇಕಿತ್ತು' ಅಂತೇವೆ. ಆದರೆ ಗೋಡೆ ಯಾಕೆ ಬಿತ್ತು, ಟ್ರೈಲರ್ ಪಿನ್ ಯಾಕೆ ಮುರಿಯಿತು, ತಂತಿ ಯಾಕೆ ಹರಿಯಿತು ಎಂದು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆ ಕೇಳುವುದನ್ನೇ ಕೆಲಸ ಮಾಡಿಕೊಂಡ ಎಂಜಿನಿಯರ್‌ಗಳಿದ್ದಾರೆ. ಅವರಿಗೆ ಫೊರೆನ್ಸಿಕ್ ಎಂಜಿನಿಯರ್ ಎನ್ನುತ್ತಾರೆ. ಡಾಕ್ಟರು ಹೆಣದ ಪೋಸ್ಟ್‌ಮಾರ್ಟಂ ಮಾಡುವ ಹಾಗೆ ಇವರು ಬಿದ್ದ ಕಟ್ಟಡ, ಹರಿದ ತಂತಿ, ನಜ್ಜುಗುಜ್ಜಾದ ಗಾಡಿಯ ಪೋಸ್ಟ್‌ಮಾರ್ಟಂ ಮಾಡುತ್ತಾರೆ. ಹಳ್ಳಿಯ ಸಾವಿಗೂ ಈ ತನಿಖೆ ಸಿಗಬೇಕು ಎಂಬುದು ನಮ್ಮ ವಾದ.

ಮೊರ್ಬಿಯಲ್ಲಿ ಕಂಡದ್ದು

ಗುಜರಾತಿನ ಮೊರ್ಬಿಯಲ್ಲಿ ಮಚ್ಛೂ ನದಿಯ ತೂಗುಸೇತುವೆ 2022ರ ಅಕ್ಟೋಬರ್ 30ರಂದು ಹರಿದು ಬಿದ್ದದ್ದು ನಿಮಗೆ ನೆನಪಿರಬಹುದು. ರಿಪೇರಿ ಮುಗಿಸಿ ಜನರಿಗೆ ಬಿಟ್ಟು ನಾಲ್ಕೇ ದಿನವಾಗಿತ್ತು. 135 ಜನ ಸತ್ತರು. ಅದೇ ದಿನ ನಮ್ಮ ನಿಮ್ಮ ಫೋನಿಗೆಲ್ಲ ಒಂದು ವಿಡಿಯೋ ಬಂತು: ಹುಡುಗರು ಸೇತುವೆ ಅಲ್ಲಾಡಿಸುತ್ತಿದ್ದಾರೆ. 'ಇವರೇ ಬೀಳಿಸಿದರು' ಎಂದು ಎಷ್ಟೋ ಮಂದಿ ತೀರ್ಪು ಕೊಟ್ಟೂಬಿಟ್ಟರು.

ವಿಶೇಷ ತನಿಖಾ ತಂಡ ಕೇಬಲ್ಲಿನ ಹರಿದ ತುದಿಗಳನ್ನೇ ನೋಡಿತು. ಸೇತುವೆಯ ಮುಖ್ಯ ಕೇಬಲ್ ಎಂದರೆ 49 ಉಕ್ಕಿನ ಎಳೆಗಳ ಹಗ್ಗ. ಹರಿದ ಕೇಬಲ್ಲಿನ 22 ಎಳೆಗಳು ಮೊದಲೇ ತುಕ್ಕು ತಿಂದಿದ್ದವು. ಅವು ಆ ದಿನಕ್ಕಿಂತ ಮುಂಚೆಯೇ ತುಂಡಾಗಿರಬಹುದು, ಉಳಿದ 27 ಎಳೆಗಳು ಮಾತ್ರ ಆಗ ಹರಿದವು ಎಂದು ತಂಡ ಹೇಳಿತು. ರಿಪೇರಿ ಹೆಸರಿನಲ್ಲಿ ಹಳೆಯ ತೂಗುಸರಳುಗಳಿಗೆ ಹೊಸದನ್ನು ವೆಲ್ಡಿಂಗ್ ಮಾಡಿ ಅಂಟಿಸಿದ್ದರು. ಮರದ ಹಲಗೆ ತೆಗೆದು ಅಲ್ಯೂಮಿನಿಯಂ ಹಾಸಿದ್ದರು. ಭಾರ ತಡೆಯುತ್ತದೆಯೇ ಎಂದು ಪರೀಕ್ಷೆ ಮಾಡದೆ ಜನರನ್ನು ಬಿಟ್ಟಿದ್ದರು.

ಹೀಗೆ ಹುಡುಗರ ಮೇಲಿದ್ದ ಮಾತು ಸೇತುವೆ ನೋಡಿಕೊಳ್ಳಬೇಕಿದ್ದವರ ಮೇಲೆ ಬಂತು. ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಬೇಕೆಂದು ಗುಜರಾತ್ ಹೈಕೋರ್ಟ್ ಸೇತುವೆ ನಿರ್ವಹಿಸುತ್ತಿದ್ದ ಕಂಪನಿಗೆ ಹೇಳಿತು. ಆ ಹರಿದ ಕೇಬಲ್ಲನ್ನು ಮರುದಿನವೇ ಗುಜರಿಗೆ ಹಾಕಿದ್ದರೆ ಈ 22 ಎಂಬ ಲೆಕ್ಕ ಎಲ್ಲಿ ಸಿಗುತ್ತಿತ್ತು?

ಮುರಿದ ವಸ್ತು ಏನು ಹೇಳುತ್ತದೆ

ಇದರಲ್ಲಿ ಮಾಟ ಮಂತ್ರ ಏನಿಲ್ಲ. ಕಬ್ಬಿಣ ಹೊಸದಾಗಿ ಮುರಿದರೆ ಆ ಜಾಗ ಹೊಳೆಯುತ್ತದೆ. ಹಳೆಯ ಬಿರುಕಿದ್ದರೆ ಅಲ್ಲಿ ತುಕ್ಕು, ಮಣ್ಣು, ಎಣ್ಣೆ ಇಳಿದಿರುತ್ತದೆ. ಬಿರುಕು ದಿನದಿನಕ್ಕೆ ಬೆಳೆದಿದ್ದರೆ, ಕೆರೆ ನೀರು ಇಳಿಯುತ್ತಾ ಹೋದಾಗ ದಂಡೆಯಲ್ಲಿ ಉಳಿಯುವಂಥ ಗೆರೆಗಳು ಮುರಿದ ಜಾಗದಲ್ಲಿ ಕಾಣುತ್ತವೆ. ಟ್ರೈಲರ್ ಪಿನ್ನಿನಲ್ಲಿ ಆ ಗೆರೆ ಇದ್ದರೆ ಅದು ಆ ಒಂದು ದಿನದ ತಪ್ಪಲ್ಲ. ಪಿನ್ ಬದಲಿಸದೆ ಓಡಿಸಿದ್ದರ ಗುರುತು.

ತಂತಿ ಎಳೆತಕ್ಕೆ ಹರಿದರೆ ತುದಿ ಸಣ್ಣಗಾಗುತ್ತದೆ. ಕಿಡಿ ಹತ್ತಿ ಕರಗಿದರೆ ತುದಿಯಲ್ಲಿ ಮಣಿಯಂತೆ ಗುಂಡು ಕಟ್ಟುತ್ತದೆ. ಬಿದ್ದ ಗೋಡೆಯ ಕಾಂಕ್ರೀಟನ್ನು ಕೊರೆದು ತೆಗೆದು ಒತ್ತಿ ನೋಡಿದರೆ ಅದರ ಬಲ ಗೊತ್ತಾಗುತ್ತದೆ. ಸರಳು ಎಷ್ಟು ಹಾಕಿದ್ದರು ಎಂದು ನಕ್ಷೆಯೊಂದಿಗೆ ಹೋಲಿಸಿ ಎಣಿಸಬಹುದು.

ರಸ್ತೆಯೂ ಹೇಳುತ್ತದೆ. ಒಣ ಡಾಂಬರು ರಸ್ತೆಯಲ್ಲಿ ಲಾಕ್ ಆದ ಟೈರ್ ಉಜ್ಜಿದ ಗುರುತು 25 ಮೀಟರ್ ಇದ್ದರೆ, ಬ್ರೇಕ್ ಹಿಡಿದಾಗ ಗಾಡಿ ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದಲ್ಲಿತ್ತು ಎಂದು ಲೆಕ್ಕ ಹಾಕಬಹುದು. 'ನಿಧಾನ ಬರ್ತಿದ್ದೆ ಸಾರ್' ಎನ್ನುವ ಮಾತು ಅಲ್ಲಿಗೆ ನಿಲ್ಲುತ್ತದೆ. ಆದರೆ ಮಹಜರಿನಲ್ಲಿ ಆ 25 ಮೀಟರ್ ಬರೆದಿರಬೇಕು. ಒಂದು ಮಳೆ ಬಂದರೆ, ನಾಲ್ಕು ದಿನ ಲಾರಿ ಓಡಿದರೆ ಗುರುತು ಅಳಿಸಿ ಹೋಗುತ್ತದೆ.

ಕೋರ್ಟಿನಲ್ಲಿ ಏನಾಗುತ್ತದೆ

ತಜ್ಞರು ಹೇಳಿದ್ದೇ ತೀರ್ಪಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್ ಪ್ರಕಾರ ಅದು ಅಭಿಪ್ರಾಯ. ಏನು ನೋಡಿದೆ, ಹೇಗೆ ಅಳೆದೆ, ಯಾಕೆ ಹೀಗೆ ಹೇಳುತ್ತೇನೆ ಎಂದು ಅವರು ವಿವರಿಸಬೇಕು. ಎದುರು ಪಕ್ಷದ ವಕೀಲರು ಪಾಟಿಸವಾಲು ಹಾಕುತ್ತಾರೆ. ಒಪ್ಪುವುದು ಬಿಡುವುದು ನ್ಯಾಯಾಧೀಶರದ್ದು. ಹಾಗಾಗಿಯೇ ಅಳತೆ, ಫೋಟೋ, ಮುರಿದ ತುಂಡು ಬೇಕು. ಬರೀ ಬಾಯಿಮಾತು ಪಾಟಿಸವಾಲಿನಲ್ಲಿ ನಿಲ್ಲುವುದಿಲ್ಲ.

ಸಿವಿಲ್ ದಾವೆಯಲ್ಲಿ ವೈಜ್ಞಾನಿಕ ಪರೀಕ್ಷೆಗೆ ಕಮಿಷನರ್ ನೇಮಿಸಿ ಎಂದು ಕೋರ್ಟನ್ನು ಕೇಳುವ ಅವಕಾಶವೂ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶ, 10-ಎ ನಿಯಮ. ನಿಮ್ಮ ವಕೀಲರಿಗೆ ಇದನ್ನು ನೆನಪಿಸಿದರೆ ತಪ್ಪೇನಿಲ್ಲ.

ಕಾನೂನಿನಲ್ಲೇ ಒಂದು ಕಂಡಿ

ಬೆಂಗಳೂರಿನ ನಾಗವಾರದ ಬಳಿ 2023ರ ಜನವರಿ 10ರಂದು ಮೆಟ್ರೋ ಪಿಲ್ಲರ್‌ಗೆ ಕಟ್ಟಿದ್ದ ಸರಳಿನ ಚೌಕಟ್ಟು ರಸ್ತೆಗೆ ಉರುಳಿ, ಬೈಕಿನಲ್ಲಿದ್ದ ತಾಯಿ ಮತ್ತು ಮಗು ಸತ್ತರು. ಕಾರಣ ಹುಡುಕಲು ಭಾರತೀಯ ವಿಜ್ಞಾನ ಸಂಸ್ಥೆಯವರನ್ನೂ ಹೈದರಾಬಾದ್ ಐಐಟಿಯವರನ್ನೂ ಕೇಳಲಾಯಿತು. ಕೇಳಿದ್ದು ಸರಿ. ಅದೇ ಕಾಳಜಿ ಹಳ್ಳಿಗೆ ಯಾಕಿಲ್ಲ ಎಂಬುದು ನಮ್ಮ ಪ್ರಶ್ನೆ.

2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧವಾದರೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಲೇಬೇಕು, ವಿಡಿಯೋ ಮಾಡಿಸಬೇಕು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಸಮಯವೂ ಇದೆ. ಆದರೆ ನಿರ್ಲಕ್ಷ್ಯದಿಂದಾದ ಸಾವಿಗೆ ನ್ಯಾಯ ಸಂಹಿತೆಯ 106(1)ರಲ್ಲಿ ಇರುವುದು ಹೆಚ್ಚೆಂದರೆ ಐದು ವರ್ಷ ಶಿಕ್ಷೆ. ರಸ್ತೆ ಅಪಘಾತ, ಗೋಡೆ ಕುಸಿತ, ವಿದ್ಯುತ್ ಅವಘಡದ ಸಾವುಗಳು ಸಾಮಾನ್ಯವಾಗಿ ಇದರಡಿ ದಾಖಲಾಗುತ್ತವೆ. ಅಂದರೆ ಎಂಜಿನಿಯರ್ ಕಣ್ಣು ಎಲ್ಲಿ ಹೆಚ್ಚು ಬೇಕೋ ಅಲ್ಲಿಗೆ ತಜ್ಞರು ಬರಲೇಬೇಕೆಂಬ ನಿಯಮವಿಲ್ಲ.

ಇನ್ನೊಂದು ತೊಡಕು, ನೋಡುವವರು ಯಾರು ಎಂಬುದು. ಕಟ್ಟಿಸಿದ ಇಲಾಖೆಯ ಎಂಜಿನಿಯರೇ ಬಂದು ಬಿದ್ದದ್ದಕ್ಕೆ ಕಾರಣ ಬರೆದರೆ, ಕಾರಣ ಯಾವಾಗಲೂ ಮಳೆಯೇ ಆಗಿರುತ್ತದೆ. ಗಾಡಿಯದ್ದೂ ಅಷ್ಟೆ. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ 'ಅಪಘಾತ ಯಾಂತ್ರಿಕ ದೋಷದಿಂದ ಆಗಿಲ್ಲ' ಎಂಬ ಸಾಲು ಅಚ್ಚು ಹಾಕಿದಂತೆ ಬರುವುದನ್ನು ನಾವು ಎಷ್ಟೋ ಕಡತಗಳಲ್ಲಿ ನೋಡಿದ್ದೇವೆ.

'ಪ್ರತಿ ಸಾವಿಗೂ ತಜ್ಞರನ್ನು ಎಲ್ಲಿಂದ ತರೋಣ' ಎಂದು ಅಧಿಕಾರಿಗಳು ಕೇಳಬಹುದು. ಹಲವು ಜಿಲ್ಲೆಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಪ್ರಾಧ್ಯಾಪಕರಿದ್ದಾರೆ, ಕಾಂಕ್ರೀಟ್ ಒತ್ತುವ ಮೆಷಿನ್ನೂ ಇದೆ. ಜಿಲ್ಲಾಧಿಕಾರಿಗಳು ಒಂದು ಪಟ್ಟಿ ಮಾಡಿ, ಸಾವು ಸಂಭವಿಸಿದಾಗ ಆ ಕೆಲಸಕ್ಕೆ ಸಂಬಂಧವಿಲ್ಲದ ಒಬ್ಬರನ್ನು ಕಳಿಸಿದರೆ ಸಾಕು.

ಅಲ್ಲಿಯವರೆಗೆ ನಾವೇನು ಮಾಡಬಹುದು

ಮೊದಲು ಜೀವ ಉಳಿಸಿ. ತಂತಿ ಬಿದ್ದಿದ್ದರೆ ಲೈನ್ ಆಫ್ ಆಗಿದೆ ಎಂದು ಖಾತ್ರಿಯಾಗುವವರೆಗೆ ಹತ್ತಿರ ಹೋಗಬೇಡಿ. ಆಮೇಲೆ ಈ ಕೆಲಸ:

ಜಾಗ ಬದಲಾಗುವ ಮೊದಲೇ ಫೋಟೋ, ವಿಡಿಯೋ ತೆಗೆಯಿರಿ. ದೂರದಿಂದ ಒಂದು, ಹತ್ತಿರದಿಂದ ಒಂದು. ಅಳತೆ ಗೊತ್ತಾಗಲು ಪಕ್ಕದಲ್ಲಿ ಟೇಪು ಅಥವಾ ಒಂದು ಸ್ಕೇಲು ಇಡಿ.

ಮುರಿದ ಪಿನ್, ಹರಿದ ತಂತಿ, ಬಿದ್ದ ಕಾಂಕ್ರೀಟ್ ತುಂಡನ್ನು ಉಜ್ಜಬೇಡಿ, ತೊಳೆಯಬೇಡಿ, ಜೋಡಿಸಿ ನೋಡಬೇಡಿ. ಪೊಲೀಸರು ಜಪ್ತಿ ಮಾಡಿ ಮಹಜರಿನಲ್ಲಿ ಬರೆಯುವಂತೆ ಕೇಳಿ.

ಪಂಚರಾಗಿ ಸಹಿ ಹಾಕುವವರು ಊರಿನವರೇ. ಬರೆದದ್ದನ್ನು ಓದದೆ, ಓದಿಸಿ ಕೇಳದೆ ಸಹಿ ಮಾಡಬೇಡಿ. ಅಳತೆ ಇಲ್ಲದಿದ್ದರೆ ಬರೆಸಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ.

ವಿದ್ಯುತ್ ಸಾವಾದರೆ 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕೆಂಬ ನಿಯಮವಿದೆ. ತಿಳಿಸಿದ್ದಾರೆಯೇ ಎಂದು ಕೇಳಿ, ವರದಿಯ ಪ್ರತಿಗೆ ಅರ್ಜಿ ಹಾಕಿ. ಇಂಥ ಸಾವಿನಲ್ಲಿ ತನ್ನ ನಿರ್ಲಕ್ಷ್ಯ ಇರಲಿಲ್ಲ ಎಂದ ಮಾತ್ರಕ್ಕೆ ವಿದ್ಯುತ್ ಸರಬರಾಜು ಮಾಡುವ ಸಂಸ್ಥೆ ಹೊಣೆಯಿಂದ ಪಾರಾಗಲಾರದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100 ನಂಬರಿಗೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ನೆರವು ಉಚಿತ.

ಪರಿಹಾರದ ಚೆಕ್ ಕೈಗೆ ಬಂದರೆ ಪ್ರಕರಣ ಮುಗಿಯಿತು ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಅದೇ ಗುತ್ತಿಗೆದಾರ ಕಟ್ಟಿದ ಇನ್ನೊಂದು ಗೋಡೆ ಪಕ್ಕದೂರಿನ ಶಾಲೆಯಲ್ಲಿ ನಿಂತಿರಬಹುದು. ಮೊದಲ ಗೋಡೆ ಯಾಕೆ ಬಿತ್ತು ಎಂದು ಗೊತ್ತಾದರೆ ಮಾತ್ರ ಎರಡನೆಯದರ ಕೆಳಗಿನಿಂದ ಮಕ್ಕಳನ್ನು ಎಬ್ಬಿಸಬಹುದು. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ನಿರ್ಣಯವಾಗಿ ಬರೆಸಿ: ನಮ್ಮೂರಲ್ಲಿ ಇಂಥ ಸಾವಾದರೆ ಹೊರಗಿನ ಎಂಜಿನಿಯರ್ ಬಂದು ನೋಡಬೇಕು, ವರದಿಯನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಬೇಕು.