ಗೃಹಾರೋಗ್ಯ: ಮೊಣಕಾಲಿನ ತೆರೆದ ಗಾಯ

ಕ್ಯಾತಗಾನಚೆರ್ಲಿನಂತಹ ದೂರದ ಹಳ್ಳಿಯಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದು ಮೊಣಕಾಲಿನ ಚರ್ಮಮಾಂಸಗಳು ಕಿತ್ತುಹೋದರೆ ಮನೆಯವರು ಮಾಡತಕ್ಕುದೇನು? ಕಾಫಿಪುಡಿ, ಮಣ್ಣುಗಳನ್ನು ಹಾಕಲೇಕೂಡದು. ಮಡಿಬಟ್ಟೆಯನ್ನು ಒತ್ತಿ ಹಿಡಿದು, ಕಾಲನ್ನು ಅಲುಗಿಸದೆ, 108ಕ್ಕೆ ಕರೆಮಾಡಬೇಕು. ಪಾದವು ತಣ್ಣಗಾಗಿ ಬಿಳುಪೇರಿದರೆ ಮಂಡಿಯ ಹಿಂದಣ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಸುಮಾರು 6 ಗಂಟೆಗಳೊಳಗೆ ರಕ್ತಸಂಚಾರವು ಮರಳದಿದ್ದರೆ ಕಾಲನ್ನೇ ಕಳೆದುಕೊಳ್ಳುವ ಭಯವುಂಟು.

ಬರಿದಾದ ಎಲುಬಿಗೆ ಚರ್ಮದ ತೇಪೆಯೊಂದೇ ಹತ್ತದು. ಆದುದರಿಂದ ಶಸ್ತ್ರವೈದ್ಯರು ಮೀನಖಂಡದ ಸ್ನಾಯುವನ್ನು ಅದರ ರಕ್ತನಾಳದೊಡನೆಯೇ ತಿರುಗಿಸಿ ಹೊದಿಸುವರು. ಗಾಯವು ದೊಡ್ಡದಾದರೆ ತೊಡೆಯಿಂದಲೋ ಬೆನ್ನಿನಿಂದಲೋ ಮಾಂಸಖಂಡವನ್ನು ತಂದು, ಸೂಕ್ಷ್ಮದರ್ಶಕದಡಿಯಲ್ಲಿ, ಕೂದಲಿಗಿಂತ ಸಣ್ಣ ದಾರದಿಂದ ಅದರ ನಾಳಗಳನ್ನು ಕಾಲಿನ ನಾಳಗಳಿಗೆ ಹೊಲಿಯುವರು. ಅವುಗಳಲ್ಲಿ ರಕ್ತ ಹರಿದರೆ ಮಾತ್ರ ಹೊದಿಕೆಯು ಬದುಕುವುದು.

ಬೀಡಿಯ ಹೊಗೆಯು ಈ ನಾಳಗಳನ್ನು ಮುದುಡಿಸುವುದು. ಸೋದರಿಯರೇ, ನೋಡಬರುವ ನೆಂಟರು ರೋಗಿಗೆ ಬೀಡಿ ಕೊಡದಂತೆ ಎಚ್ಚರವಹಿಸಿರಿ. ವೈದ್ಯನ ಹೊಲಿಗೆಯನ್ನು ಕಾಯುವುದು ಮನೆಯವರ ಪಾಲಿನ ಕೆಲಸ.